ಸೋದರತ್ತೆಯ ಕಾಲು ಮಾತ್ರೆ

ನಮ್ಮ ಸೋದರತ್ತೆ ಕೊಳ್ಳೇಗಾಲದವಳು. ಮಾವ ಇದ್ದಷ್ಟು ದಿನ ಹಿತ್ತಲಲ್ಲೇ ರೇಷ್ಮೆ ಬಿಚ್ಚಾಣಿಕೆ ನಡೆಯುತ್ತಿತ್ತು. ಕೊಳ್ಳೇಗಾಲ 1956ರ ತನಕ ಮದರಾಸಿನ ಕಡೆಗೆ, ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಸೀಮೆ. ಅದಕ್ಕೋ ಏನೋ, ಅತ್ತೆಗೆ ಸಿಟ್ಟು ಬಂದರೆ ಬಾಯಿಗೆ ತಮಿಳೇ ಮೊದಲು ಬರುತ್ತಿತ್ತು. ಇರಲಿ, ಮಾತ್ರೆಯ ವಿಷಯಕ್ಕೆ ಬರುತ್ತೇನೆ.

ಅವಳ ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ, ಅಡಕತ್ತರಿ, ಜೊತೆಗೊಂದು ಶೀಟು ಮಾತ್ರೆ ಯಾವಾಗಲೂ ಇರುತ್ತಿತ್ತು. ದಿಗಿಲಿನ ಮಾತ್ರೆ ಅನ್ನುತ್ತಿದ್ದಳು. ಶೀಟಿನ ಮೇಲೆ ಆಲ್ಪ್ರಜೋಲಾಮ್ ಎಂದಿತ್ತು. ಮಾವ ತೀರಿಕೊಂಡಾಗ ಹಳೇ ಡಾಕ್ಟರೊಬ್ಬರು ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು, ಹತ್ತು ವರ್ಷ ದಾಟಿತ್ತೋ ಹನ್ನೆರಡೋ, ನನಗೆ ಸರಿಯಾಗಿ ನೆನಪಿಲ್ಲ.

ಅತ್ತೆಗೆ ಇನ್ನೊಂದು ಗುಣ. ಯಾರ ಮನೆಯಲ್ಲಿ ಉಂಡರೂ ಸಾರಿಗೆ ಹೆಸರಿಡದೆ ಏಳುತ್ತಿರಲಿಲ್ಲ. ಹನೂರಿನ ನೆಂಟರ ಮದುವೆಗೆ ಹೋದಾಗಲೂ ಮೊದಲ ದಿನವೇ ಅವರೆಕಾಳು ಸಾರಿಗೆ ಖಾರ ಸಾಲದು ಅಂದು ಬೀಗರ ಮುಖ ಸಣ್ಣದು ಮಾಡಿದ್ದಳು. ಸಂಕ್ರಾಂತಿ ಕಳೆದ ಹೊಸದು, ಬೆಳಗಿನ ಗಾಳಿ ಕಿವಿ ಕೊರೆಯುತ್ತಿತ್ತು.

ಮಾರನೇ ದಿನ ಶೀಟು ಖಾಲಿ. ಮೆಡಿಕಲ್ಲಿಗೆ ಓಡಿದೆ. ಚೀಟಿ ಇಲ್ಲದೆ ಆಗಲ್ಲ ಅಂದ ಅಂಗಡಿಯವನು. ಅವನದೂ ತಪ್ಪಲ್ಲ. 2013ರಲ್ಲಿ ಎಚ್‌1 ಪಟ್ಟಿಯ ನಿಯಮ ಬಂದ ಮೇಲೆ, ಇಂಥ ಮಾತ್ರೆ ಮಾರಿದರೆ ಬರೆದವರ ಹೆಸರು, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಜೋಪಾನವಾಗಿಡಬೇಕು. ಚೀಟಿಗೆಂದು ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಶೀಟು ತಿರುಗಿಸಿ ನೋಡಿ, "ಇದು ಚಟ ಹಿಡಿಸೋ ಮಾತ್ರೆ, ನಾನು ಬರೆಯಲ್ಲ. ಇವತ್ತೇ ನಿಲ್ಲಿಸಿಬಿಡಿ" ಅಂದರು.

ಹೊರಗೆ ಹುಣಸೆಮರದ ಕೆಳಗೆ ಅತ್ತೆ ನಿಂತುಬಿಟ್ಟಳು. "ಚಟ ಅಂದ್ರಲ್ಲ ಕೂಸು. ನಾ ಯಾನ ಕುಡುಕಿಯಾ?"

ಆಮೇಲೆ ಎರಡು ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ. ಆ ಚಳಿಯಲ್ಲೂ ರವಿಕೆ ಬೆವರಿಗೆ ತೊಯ್ದಿತ್ತು. ಅಡಿಕೆ ಹೋಳು ಮಾಡಲು ಹೋದರೆ ಕೈ ನಡುಗಿ ಅಡಕತ್ತರಿ ಜಾರಿ ಬಿತ್ತು. ಅವತ್ತಿನ ಸಾರು ಬರೀ ಸಪ್ಪೆ. ಅತ್ತೆ ಒಂದು ಮಾತೂ ಆಡದೆ ಎರಡು ತುತ್ತು ಉಂಡು ಎದ್ದಳು. ಆಗ ನನಗೂ ದಿಗಿಲಾಯಿತು.

ಮನೋಚೈತನ್ಯ ಅಂತ ಸರ್ಕಾರದವರು ಮಂಗಳವಾರ ಮಂಗಳವಾರ ತಾಲ್ಲೂಕಿಗೆ ಮನಸ್ಸಿನ ಡಾಕ್ಟರನ್ನು ಕಳಿಸುವ ಏರ್ಪಾಡು ಮಾಡಿದ್ದರು. ಕೊಳ್ಳೇಗಾಲದಲ್ಲೇ ತೋರಿಸೋಣ ಅಂದರೆ, ಊರವರ ಕಣ್ಣಿಗೆ ಬೀಳುತ್ತೀನಿ ಅಂತ ಅತ್ತೆ ಒಪ್ಪಲಿಲ್ಲ. ಯಳಂದೂರಿನ ಬಸ್ಸು ಹತ್ತಿದೆವು. ಬಿಳಿಗಿರಿರಂಗನ ಬೆಟ್ಟದ ನೆತ್ತಿಯ ಮೇಲೆ ಮಂಜು ಕೂತಿತ್ತು.

ಆ ಡಾಕ್ಟರ ಮುಖ ಈಗ ನೆನಪಿಗೆ ಬರದು, ದನಿ ಮಾತ್ರ ಕಿವಿಯಲ್ಲಿದೆ. "ದಿಗಿಲು ಯಾವತ್ತಿಂದ ಅಮ್ಮ?" ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೂಡು ತರಲು ರಾಮನಗರಕ್ಕೆ ಹೋದ ಮಾವ ಹೆಣವಾಗಿ ಬಂದದ್ದು, ಈಗಲೂ ರಾತ್ರಿ ಬಸ್ಸಿನ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ಎಲ್ಲ ಹೇಳಿಕೊಂಡಳು.

ಡಾಕ್ಟರು ಬಿಡಿಸಿ ಹೇಳಿದರು. ಈ ಮಾತ್ರೆ ಸ್ವಲ್ಪ ದಿನಕ್ಕೆ ಸರಿ. ಬಹಳ ಕಾಲ ನುಂಗಿದರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ. ವಯಸ್ಸಾದವರು ಮಂಪರಲ್ಲಿ ಬಿದ್ದು ಮೂಳೆ ಮುರಿದುಕೊಳ್ಳುವುದುಂಟು. ಡಾಕ್ಟರುಗಳು ಬರೆಯಲು ಹಿಂಜರಿಯುವುದು ಅದಕ್ಕೇ. ಆದರೆ ವರ್ಷಗಟ್ಟಲೆ ನುಂಗಿದವರು ಒಂದೇ ಸಲ ಬಿಟ್ಟರೆ ಫಿಟ್ಸೂ ಬರಬಹುದು. ಹಾಗಂತ ಹಳೇ ಮಾತ್ರೆಯನ್ನೇ ಮತ್ತೆ ಬರೆದರು. ಜೊತೆಗೆ ದಿಗಿಲಿಗೆ ದಿನಾ ನುಂಗುವ ಬೇರೊಂದು ಔಷಧಿ ಸೇರಿಸಿ, ಅದು ಹಿಡಿಯಲು ಕೆಲವು ವಾರ ಬೇಕು, ಆಮೇಲೆ ಹಳೇದನ್ನು ಮೆಲ್ಲಗೆ ಇಳಿಸೋಣ ಅಂದರು.

ಬರೆಯದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ, ಅವರ ಅಂಜಿಕೆ ಸುಳ್ಳಲ್ಲ. ಆದರೆ ಹತ್ತು ವರ್ಷ ಊರಿಕೊಂಡು ನಡೆದವಳ ಕೋಲು ಕಿತ್ತುಕೊಳ್ಳುವ ಮುಂಚೆ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಅದೊಂದು ಇವತ್ತಿಗೂ ನೋಯುತ್ತದೆ.

ಮೊದಲ ಸಲ ಮಾತ್ರೆಯನ್ನು ಅತ್ತೆ ಅಡಕತ್ತರಿಯಲ್ಲೇ ಇಟ್ಟು ಒತ್ತಿದಳು. ಒಂದು ಹೋಳು ಚಿಮ್ಮಿ ಒಲೆಯ ಬೂದಿಗೆ ಬಿತ್ತು. ಆಮೇಲೆ ಬ್ಲೇಡು ತಂದುಕೊಟ್ಟೆ. ಮುಕ್ಕಾಲು, ಅರ್ಧ, ಕಾಲು ಅಂತ ಇಳಿಯುವಷ್ಟರಲ್ಲಿ ಮಳೆಗಾಲವೇ ಮುಗಿಯಿತು. ನಡುವೆ ಕಷ್ಟವಾಗಿ ಅರ್ಧದಲ್ಲೇ ಒಂದೂವರೆ ತಿಂಗಳು ನಿಂತೆವು. ಡಾಕ್ಟರು ಗದರಲಿಲ್ಲ.

ದೀಪಾವಳಿಗೆ ಹೋದಾಗ ಸೊಸೆ ಹುರುಳಿಕಟ್ಟಿನ ಸಾರು ಬಡಿಸಿದಳು. ಅತ್ತೆ ಮುದ್ದೆ ಮುರಿದು ಅದ್ದಿ ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಒಸಿ ಹುಳಿ ಮುಂದಾಯ್ತು ಕನ ಕೂಸು."

ಅಡುಗೆಮನೆಯಲ್ಲಿ ಸೊಸೆ ನಕ್ಕಿದ್ದು ನಮಗೆಲ್ಲ ಕೇಳಿಸಿತು.