ಇಪ್ಪತ್ತನಾಲ್ಕು ಅಂಬಾರಿ ಎಳೆಯುವ ಟ್ರಕ್ಕು

ಅಮೆರಿಕದ ಟೆಕ್ಸಾಸಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳೋದು, "ಏನೇನು ನೋಡಿದ್ರಿ?" ಎಂದು. ಟ್ರಕ್ಕು ನೋಡಿದೆ ಎಂದರೆ ನಗುತ್ತಾರೆ. ನೀವೂ ನಗಿ, ಪರವಾಗಿಲ್ಲ.

ಹ್ಯೂಸ್ಟನ್ ಹತ್ತಿರ ನನ್ನ ತಮ್ಮನ ಮನೆ. ಅಲ್ಲಿ ಟ್ರಕ್ಕೆಂದರೆ ನಮ್ಮ ಕಡೆಯ ಲಾರಿಯಲ್ಲ. ಮುಂದೆ ಕಾರಿನಂತೆ ಸೀಟು, ಹಿಂದೆ ತೆರೆದ ತೊಟ್ಟಿ. ಹಾಲು ತರೋಕೂ ಅದರಲ್ಲೇ ಹೋಗ್ತಾರೆ. ದೊಡ್ಡವಕ್ಕೆ ಡೀಸೆಲ್ ಎಂಜಿನ್ನು, ಹಿಂದೆ ನಾಲ್ಕು ಚಕ್ರ. ಸೀರೆ ಉಟ್ಟು ಅದನ್ನು ಹತ್ತಿದ ನನ್ನ ಪಾಡು ಬೇಡ ಬಿಡಿ! ಇವುಗಳ ಹಿಂದೆ ಕುದುರೆ ಸಾಗಿಸೋ ಗಾಡಿ, ದೋಣಿ, ಕಡೆಗೆ ಚಕ್ರದ ಮೇಲಿನ ಮನೆಯನ್ನೂ ಕಟ್ಟಿ ಎಳೆಯುತ್ತಾರೆ. ಅಂಥ ಒಂದು ಮನೆಯೊಳಗೆ ಇಣುಕಿದೆ. ಒಲೆ, ಫ್ರಿಜ್ಜು, ಸಿಂಕು, ಊಟದ ಮೇಜು, ಎಲ್ಲ ನನ್ನ ಅಡಿಗೆಮನೆಗಿಂತ ಅಚ್ಚುಕಟ್ಟು.

ಭಾನುವಾರ ಸಂಜೆ ಅಕ್ಕಪಕ್ಕದ ಗಂಡಸರು ಸೇರಿದರೆ ಇದೇ ಮಾತು. ತಮ್ಮ ನನಗೆ ಕನ್ನಡದಲ್ಲಿ ಹೇಳ್ತಿದ್ದ. ಒಬ್ಬ, "ನನ್ನದು ಮರದ ಬುಡಾನೇ ಕಿತ್ತುಹಾಕುತ್ತೆ" ಅಂದನಂತೆ. ಇನ್ನೊಬ್ಬ, "ನನ್ನದಕ್ಕೆ ಮನೆ ಕಟ್ಟಿ ಎಳೆದೆ, ತಳಪಾಯವೂ ಬಂತು." ಮೂರನೆಯವನು ತಣ್ಣಗೆ, "ನನ್ನ ಟ್ರಕ್ಕು ಮುಂದಕ್ಕೆ ಹೋಗಲ್ಲ, ಭೂಮೀನೇ ಹಿಂದಕ್ಕೆ ಸರಿಯುತ್ತೆ. ಇವತ್ತು ಸೂರ್ಯ ತಡವಾಗಿ ಹುಟ್ಟಿದ್ದು ಯಾಕೆ ಅಂದುಕೊಂಡಿರಿ?" ನಮ್ಮೂರ ಅರಳೀಕಟ್ಟೆ ನೆನಪಾಯ್ತು.

ಕಂಪನಿಗಳೂ ಸಾಮಾನ್ಯವಲ್ಲ. 1989ರ ಡಾಡ್ಜ್ ಟ್ರಕ್ಕಿನ ಕಮಿನ್ಸ್ ಡೀಸೆಲ್ ಎಂಜಿನ್ನಿಗೆ 160 ಅಶ್ವಶಕ್ತಿ, 400 ಪೌಂಡ್-ಅಡಿ ಟಾರ್ಕ್. ಟಾರ್ಕ್ ಅಂದರೆ, ರಾಗಿಕಲ್ಲಿನ ಗೂಟ ಹಿಡಿದು ಮೊದಲ ಸುತ್ತು ತಿರುಗಿಸೋ ರಟ್ಟೆಬಲ ಅಂದುಕೊಳ್ಳಿ. ಅದೇ ಟ್ರಕ್ಕಿಗೆ ಈಗ ರಾಮ್ ಅಂತ ಹೆಸರು (ದೇವರಲ್ಲ ರೀ, ಟಗರು!). 2019ರಲ್ಲಿ ಅದು 1,000 ಮುಟ್ಟಿತು. 2020ರ ಮಾದರಿಯಲ್ಲಿ ಫೋರ್ಡ್ 1,050 ಅಂದಿತು. 2023ರ ಮಾದರಿಗೆ 500 ಅಶ್ವಶಕ್ತಿ, 1,200 ಪೌಂಡ್-ಅಡಿ! ಸಜ್ಜುಮಾಡಿದ ಎಫ್-450 ಟ್ರಕ್ಕು 40,000 ಪೌಂಡು, ಅಂದರೆ 18 ಟನ್ ಎಳೆಯುತ್ತದಂತೆ. ನಮ್ಮ ದಸರೆಯ ಚಿನ್ನದ ಅಂಬಾರಿ 750 ಕೆಜಿ. ಲೆಕ್ಕ ಹಾಕಿದೆ, 24 ಅಂಬಾರಿ! ಇಷ್ಟಲ್ಲದೆ ಹೊಗೆ ಶುದ್ಧವಾಗಲೆಂದು ಯೂರಿಯಾ ನೀರು ಬೇರೆ ಕುಡಿಸಬೇಕು.

ನಗುನಗುತ್ತಾ ಕೇಳ್ತಿದ್ದವಳಿಗೆ ಆ ರಾತ್ರಿ ನಗು ನಿಂತಿತು. ಪಾತ್ರೆ ತೊಳೆಯುವಾಗ ತಮ್ಮನ ಹೆಂಡತಿ ಮೆಲ್ಲಗೆ, "ಅತ್ತಿಗೆ, ಇವರೂ ಒಂದು ನೋಡಿಟ್ಟಿದ್ದಾರೆ. ಲಕ್ಷ ಡಾಲರ್. ಆರು ವರ್ಷದ ಸಾಲ" ಅಂದಳು. ಅವನ ಹತ್ತಿರ ಇರೋದು ಒಂದು ಸಣ್ಣ ದೋಣಿ!

ನಮ್ಮಪ್ಪನಿಗೆ ಚಿಕ್ಕ ಟ್ರ್ಯಾಕ್ಟರೇ ಸಾಕಾಗಿತ್ತು. ಪಕ್ಕದ ಹೊಲದವರು ದೊಡ್ಡದು ತಂದರೆಂದು ತಾನೂ ತಂದರು. ಕಂತು ಕಟ್ಟಲಾಗದೆ ಎರಡೆಕರೆ ಗದ್ದೆ ಹೋಯ್ತು. ತಮ್ಮ ಆಗ ತೊಟ್ಟಿಲಲ್ಲಿದ್ದ. ಅಮ್ಮನ ಬಳೆಗಳ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಅವನು ಮಾತಾಡದೆ ಎದ್ದುಹೋದ.

ಮುಂದಿನ ಶನಿವಾರ ಹಳೇ ಟ್ರಕ್ಕಿಗೇ ದೋಣಿ ಕಟ್ಟಿ ಗ್ಯಾಲ್ವೆಸ್ಟನ್ ಕಡಲಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅದು ಒಮ್ಮೆಯೂ ಮುಕ್ಕರಿಯಲಿಲ್ಲ.

"ಹೇಗೆ ಎಳೀತಿದೆ ಅಕ್ಕಾ?" ಅಂದ.

"ಭೂಮಿ ಏನೂ ಸರಿದ ಹಾಗೆ ಕಾಣಲಿಲ್ಲ ಕಣೋ."

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಜೋರಾಗಿ ನಕ್ಕಳು.