ಸೂರ್ಯ ಹುಟ್ಟದ ಊರಿನಲ್ಲಿ ಬೆಳಗಿನ ಓಟ

ಡಿಸೆಂಬರ್ ತಿಂಗಳ ನಡುಭಾಗ. ಗಡಿಯಾರದಲ್ಲಿ ಬೆಳಗಿನ ಎಂಟು ಗಂಟೆ. ನಾರ್ವೆ ದೇಶದ ಉತ್ತರ ಭಾಗದ ಟ್ರೊಮ್ಸೊ ಪಟ್ಟಣದಲ್ಲಿ ಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಶಾಲೆಗೆ ಹೊರಟಿದ್ದಾರೆ, ದೊಡ್ಡವರು ಕೆಲಸಕ್ಕೆ. ಆಕಾಶ ಮಾತ್ರ ಅಮಾವಾಸ್ಯೆಯ ನಡುರಾತ್ರಿಯಂತೆ ಕಪ್ಪಗಿದೆ. ಹತ್ತು ಗಂಟೆ ದಾಟಿದ ಮೇಲೆ ದಕ್ಷಿಣದ ಬೆಟ್ಟಗಳ ಹಿಂದೆ ಮಸುಕು ಬೆಳಕು ಮೂಡುತ್ತದೆ. ಹನ್ನೆರಡರ ಹೊತ್ತಿಗೆ ಇಡೀ ಊರನ್ನು ನೀಲಿ ಕಲಸಿದ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ. ಹಿಮ ನೀಲಿ, ಕಡಲು ನೀಲಿ, ಎದುರಿಗೆ ಬರುವವರ ಮುಖವೂ ನೀಲಿ. ಎರಡು ಗಂಟೆಗೆಲ್ಲ ಮತ್ತೆ ಕತ್ತಲು. ಸೂರ್ಯ ಬರಲೇ ಇಲ್ಲ. ಜನವರಿಯ ನಡುಭಾಗದವರೆಗೆ ಬರುವುದೂ ಇಲ್ಲ.

ಇಂಥ ಕತ್ತಲಲ್ಲಿ, ರಸ್ತೆ ಪಕ್ಕದ ಕಾಲುದಾರಿಯಲ್ಲಿ, ಮಂಜುಗಡ್ಡೆಯ ಮೇಲೆ ಲೋಹ ಕೊರೆಯುವ ಚರ್ ಚರ್ ಸದ್ದು ಕೇಳಿಬರುತ್ತದೆ. ಹಣೆಗೆ ಪುಟ್ಟ ದೀಪ ಕಟ್ಟಿಕೊಂಡ ಒಬ್ಬಾಕೆ ಓಡಿಕೊಂಡು ಬಂದು ಹಾಗೆಯೇ ಹೋಗಿಬಿಡುತ್ತಾಳೆ. ಅವಳ ಹಿಂದೆ ತುಸು ವಯಸ್ಸಾದ ಇಬ್ಬರು, ಮಾತಾಡಿಕೊಂಡು. ಯಾರೂ ತಿರುಗಿ ನೋಡುವುದಿಲ್ಲ. ಹೊಸಬರಿಗೆ ಸಾಹಸವೆಂದು ಕಾಣುವ ಈ ಓಟ ಊರಿನವರಿಗೆ ಹಾಲಿನ ಅಂಗಡಿಗೆ ಹೋಗಿ ಬಂದಷ್ಟೇ ಸಾಮಾನ್ಯ. ಅಂಥ ಊರಿನಲ್ಲಿ ಇದು ಸಾಮಾನ್ಯವಾದದ್ದು ಹೇಗೆ ಎಂಬುದೇ ತಿಳಿಯಬೇಕಾದ ಸಂಗತಿ.

ಟ್ರೊಮ್ಸೊ ಒಂದು ದ್ವೀಪದ ಮೇಲಿರುವ ಊರು. ಸುತ್ತ ಕಡಲು, ಕಡಲಿನಾಚೆ ಬೆಟ್ಟ. ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಸೇರಿಸುವ, ಸುಮಾರು ಒಂದು ಕಿಲೋಮೀಟರ್ ಉದ್ದದ ಸೇತುವೆ 1960ರಲ್ಲಿ ಆಯಿತು. ಸೇತುವೆಯ ಆಚೆ ತುದಿಯಲ್ಲಿ, ಹಿಮದ ಬಂಡೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದಂತಿರುವ ಬಿಳಿಯ ಚರ್ಚು 1965ರದು. ಮುಕ್ಕಾಲು ಲಕ್ಷದಷ್ಟು ಜನ, 1972ರಲ್ಲಿ ಬಾಗಿಲು ತೆರೆದ ವಿಶ್ವವಿದ್ಯಾಲಯ, ಮೀನುಗಾರಿಕೆ. ಉತ್ತರ ಧ್ರುವ ವೃತ್ತದಿಂದ ಇನ್ನೂ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ ಬಂದರೆ ಸಿಗುವ ಊರಿದು.

ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡಿದೆ ಎಂದು ಭೂಗೋಳದ ಪಾಠದಲ್ಲಿ ಓದಿದ್ದು ಇಲ್ಲಿ ಬದುಕಾಗುತ್ತದೆ. ಚಳಿಗಾಲದಲ್ಲಿ ಉತ್ತರದ ತುದಿ ಸೂರ್ಯನಿಗೆ ಬೆನ್ನು ಹಾಕಿರುವುದರಿಂದ, ಡಿಸೆಂಬರ್ 21ರ ಸುಮಾರಿಗೆ ಟ್ರೊಮ್ಸೊದಲ್ಲಿ ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತಕ್ಕಿಂತ ಮೂರು ಡಿಗ್ರಿಯಷ್ಟು ಕೆಳಗೇ ಇರುತ್ತಾನೆ. ಮೂರೇ ಡಿಗ್ರಿ ಆದ್ದರಿಂದ ಆ ನೀಲಿ ಬೆಳಕಾದರೂ ದಕ್ಕುತ್ತದೆ. ನವೆಂಬರ್ 27ರ ಸುಮಾರಿಗೆ ಮರೆಯಾದವನು ಮತ್ತೆ ದಿಗಂತ ಮುಟ್ಟುವುದು ಜನವರಿ 15ರ ಸುಮಾರಿಗೆ. ನಮ್ಮಲ್ಲಿ ಧನುರ್ಮಾಸದ ನಸುಕಿನಲ್ಲಿ ಗುಡಿಯ ಬಿಸಿ ಹುಗ್ಗಿಗೆ ಜನ ಕೈಯೊಡ್ಡುವ ದಿನಗಳೆಲ್ಲ ಅಲ್ಲಿ ಕತ್ತಲ ದಿನಗಳು. ನಮಗೆ ಸಂಕ್ರಾಂತಿಯಾಗುವ ಹೊತ್ತಿಗೇ ಅವರ ಸೂರ್ಯ ಮರಳುತ್ತಾನೆ. ಇದು ಕಾಕತಾಳೀಯವೇ ಇರಬಹುದು. ಆದರೆ ಆ ದಿನದ ಬೆಲೆ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರಲಾರದು.

ಇಷ್ಟು ಉತ್ತರಕ್ಕಿದ್ದರೂ ಚಳಿ ಮಾತ್ರ ಹೆದರುವಷ್ಟಿಲ್ಲ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವೊಂದು ನಾರ್ವೆಯ ಕರಾವಳಿಗುಂಟ ಹರಿಯುವುದರಿಂದ ಬಂದರು ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ನಾಲ್ಕು ಡಿಗ್ರಿಯಷ್ಟು ಕೆಳಗೆ, ಅಷ್ಟೆ. ಇದೇ ಅಕ್ಷಾಂಶದ ಸೈಬೀರಿಯಾದವರಿಗೆ ಇದು ವಸಂತಕಾಲ! ಆದರೆ ಓಡುವವರಿಗೆ ಈ ಮೆತ್ತನೆಯ ಚಳಿಯೇ ದೊಡ್ಡ ಶತ್ರು. ಇವತ್ತು ಹಿಮ ಬೀಳುತ್ತದೆ. ನಾಳೆ ಸೊನ್ನೆಗಿಂತ ಮೇಲೇರಿ ಮಳೆ ಬರುತ್ತದೆ. ನಾಡಿದ್ದು ಎಲ್ಲ ಗಡ್ಡೆ ಕಟ್ಟಿ ಇಡೀ ರಸ್ತೆ ಗಾಜಿನ ಹಲಗೆಯಾಗುತ್ತದೆ. ಒಣಹಿಮದ ಮೇಲೆ ಕಾಲು ನಿಲ್ಲುತ್ತದೆ. ಗಾಜಿನ ಮೇಲೆ ನಿಲ್ಲುವುದಿಲ್ಲ.

ಇದಕ್ಕೆ ಉತ್ತರ ಬೂಟಿನ ಅಡಿಯಲ್ಲಿದೆ. ಗಟ್ಟಿಲೋಹದ ಸಣ್ಣ ಮೊಳೆಗಳಿರುವ ಬೂಟು ಅಲ್ಲಿನ ಅಂಗಡಿಗಳಲ್ಲಿ ಮಾಮೂಲಿ ಸರಕು. ಅದಿಲ್ಲದವರು ಮೊಳೆ ಕೂರಿಸಿದ ರಬ್ಬರ್ ಪಟ್ಟಿಯನ್ನು ಇದ್ದ ಬೂಟಿಗೇ ಎಳೆದು ಕಟ್ಟಿಕೊಳ್ಳುತ್ತಾರೆ. 'ಬ್ರೊಡ್ಡರ್' ಎಂದು ಅದರ ಹೆಸರು. ಮುದುಕರು ಪೇಟೆಗೆ ಹೋಗುವಾಗಲೂ ಇದನ್ನು ಹಾಕಿಕೊಳ್ಳುವುದುಂಟು. ಓಡುವ ರೀತಿಯೂ ಬದಲಾಗುತ್ತದೆ. ಹೆಜ್ಜೆ ಚಿಕ್ಕದು, ಪಾದ ಮೈಯ ನೇರ ಕೆಳಗೇ ಬೀಳಬೇಕು, ತಿರುವಿನಲ್ಲಿ ಆತುರ ಕೂಡದು. ವೇಗದ ಲೆಕ್ಕವನ್ನು ಚಳಿಗಾಲದಲ್ಲಿ ಕೈಬಿಡುವವರೇ ಹೆಚ್ಚು. ಎಷ್ಟು ಕಿಲೋಮೀಟರ್ ಎಂದು ಯಾರು ಕೇಳುತ್ತಾರೆ? ಎಷ್ಟು ಹೊತ್ತು ಎಂಬುದಷ್ಟೇ ಲೆಕ್ಕ.

ಬಟ್ಟೆಯ ವಿಷಯಕ್ಕೆ ಬಂದರೆ, ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಬಟ್ಟೆ ಎಂಬುದಿದೆ ಎಂದು ನಾರ್ವೆಯವರು ಮಾತುಮಾತಿಗೆ ಹೇಳುತ್ತಾರೆ. ಒಳ್ಳೆಯ ಬಟ್ಟೆಗೆ ಹಣ ಬೇಕು ಎಂಬುದನ್ನು ಈ ಗಾದೆ ಹೇಳುವುದಿಲ್ಲವೆನ್ನಿ. ಮೈಗೆ ತಾಗುವ ಪದರ ಉಣ್ಣೆಯದಾಗಿರಬೇಕು, ಹತ್ತಿಯದಲ್ಲ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿ ಮೈಗಂಟಿ ನಡುಕ ತರಿಸುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮೇಲೆ ಗಾಳಿ ತಡೆಯುವ ತೆಳುವಾದ ಅಂಗಿ. ಕೈಗವಸು, ಕಿವಿ ಮುಚ್ಚುವ ಟೋಪಿ. ಮನೆ ಬಿಟ್ಟ ಕೂಡಲೆ ತುಸು ಚಳಿಯೆನಿಸಿದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಬಾಗಿಲಲ್ಲೇ ಬೆಚ್ಚಗಿದ್ದರೆ ಹತ್ತು ನಿಮಿಷಕ್ಕೆ ಬೆವರಿ ತೊಪ್ಪೆ. ಚಳಿ ತೀರ ಹೆಚ್ಚಿದ್ದರೆ ಮೂಗು ಬಾಯಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಒಣಗಾಳಿಯನ್ನು ಜೋರಾಗಿ ಎಳೆದರೆ ಗಂಟಲು ಉರಿಯುತ್ತದೆ, ಉಬ್ಬಸ ಇರುವವರಿಗೆ ಕಷ್ಟ ಕೂಡ. ಅಂತರರಾಷ್ಟ್ರೀಯ ಸ್ಕೀ ಸ್ಪರ್ಧೆಗಳನ್ನೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೆ ನಡೆಸುವುದಿಲ್ಲ. ಧೈರ್ಯಕ್ಕೂ ಒಂದು ಗೆರೆ ಉಂಟು.

ಕತ್ತಲಿಗೆ ಮಾಡಿಕೊಂಡ ಏರ್ಪಾಟು ಇನ್ನೂ ದೊಡ್ಡದು. ದ್ವೀಪದ ಬೆನ್ನೆಲುಬಿನಂತಿರುವ ದಿಣ್ಣೆಯುದ್ದಕ್ಕೂ ಮರಗಳ ನಡುವೆ ದೀಪದ ಕಂಬಗಳಿರುವ ಹಾದಿಯಿದೆ. ನಾರ್ವೆಯ ಸಣ್ಣಪುಟ್ಟ ಊರುಗಳಲ್ಲೂ ಇಂಥ 'ಬೆಳಕಿನ ಹಾದಿ' ಇರುತ್ತದೆ. ಚಳಿಗಾಲದಲ್ಲಿ ಅದು ಮುಖ್ಯವಾಗಿ ಸ್ಕೀ ಮಾಡುವವರದು. ಹಿಮದಲ್ಲಿ ಕೊರೆದ ಎರಡು ಗೆರೆಗಳನ್ನು ತುಳಿದು ಕೆಡಿಸಿದರೆ ಎಂಥ ಸಂಭಾವಿತ ನಾರ್ವೆಯವನೂ ಗದರಿಯಾನು! ಓಡುವವರಿಗೆ ಪೇಟೆಯ ಕಾಲುದಾರಿ, ಸೈಕಲ್ ದಾರಿಗಳಿವೆ. ಅವುಗಳ ಮೇಲಿನ ಹಿಮ ಬಾಚಲು, ಸಣ್ಣ ಜಲ್ಲಿ ಎರಚಲು ಯಂತ್ರಗಳು ಓಡಾಡುತ್ತವೆ. ವಾಹನಗಳು ಹಗಲಿನಲ್ಲೂ ದೀಪ ಹಾಕಿಕೊಂಡೇ ಚಲಿಸಬೇಕೆಂಬುದು ಆ ದೇಶದ ನಿಯಮ.

ಇನ್ನೊಂದು ಬಹಳ ಅಗ್ಗದ ವಸ್ತು: ಬೆಳಕು ಬಿದ್ದರೆ ಹೊಳೆಯುವ ಪಟ್ಟಿ. ಶಿಶುವಿಹಾರದ ಕೂಸುಗಳು ಹೊರಗೆ ಹೊರಟರೆ ಹೊಳೆಯುವ ಹಳದಿ ಅಂಗಿ. ದೊಡ್ಡವರ ತೋಳಿಗೆ, ನಾಯಿಯ ಕೊರಳಿಗೆ ಪಟ್ಟಿ. ಪ್ರತಿವರ್ಷ ಅಕ್ಟೋಬರ್‌ನಲ್ಲಿ, ಕತ್ತಲು ಕವಿಯುವ ಮುನ್ನ, ಇದಕ್ಕೆಂದೇ ದೇಶವಿಡೀ ಒಂದು ದಿನ ಆಚರಿಸುತ್ತಾರೆ. ಅಲ್ಲಿನ ರಸ್ತೆ ಸುರಕ್ಷತೆಯವರು ಮಕ್ಕಳಿಗೆ ಹೇಳಿಕೊಡುವ ಲೆಕ್ಕ ಸರಳ. ಕಪ್ಪು ಬಟ್ಟೆ ತೊಟ್ಟವನು ತಗ್ಗಿಸಿದ ದೀಪದ ಕಾರಿನವನ ಕಣ್ಣಿಗೆ ಬೀಳುವುದು 25ರಿಂದ 30 ಮೀಟರ್ ದೂರದಲ್ಲಿ. ಹೊಳೆಯುವ ಪಟ್ಟಿ ಇದ್ದರೆ ಸುಮಾರು 140 ಮೀಟರ್ ದೂರದಿಂದಲೇ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 14 ಮೀಟರ್‌ನಷ್ಟು ಸಾಗುತ್ತದೆ. ಅಂದರೆ ಒಬ್ಬನಿಗೆ ಎರಡು ಸೆಕೆಂಡು, ಇನ್ನೊಬ್ಬನಿಗೆ ಹತ್ತು.

ಈ ಲೆಕ್ಕ ಟ್ರೊಮ್ಸೊಗೆ ಮಾತ್ರ ಸಲ್ಲುವುದಲ್ಲ. ಪೊಲೀಸ್, ಸೈನ್ಯದ ನೇಮಕಾತಿ ಹತ್ತಿರವಾಯಿತೆಂದರೆ ನಮ್ಮ ಊರುಗಳ ಹುಡುಗ ಹುಡುಗಿಯರು 1600 ಮೀಟರ್ ಓಟದ ತಯಾರಿಗೆ ನಸುಕಿನ ಐದಕ್ಕೆ ರಸ್ತೆಗಿಳಿಯುತ್ತಾರೆ. ಮೈದಾನ ದೂರ, ಆದ್ದರಿಂದ ಡಾಂಬರು ರಸ್ತೆಯ ಅಂಚೇ ಗತಿ. ಬೀದಿದೀಪವಿಲ್ಲ, ಎದುರಿಗೆ ಲಾರಿ. 'ಚಳಿ ಹಿಡಿದೀತು, ಸ್ವೆಟರ್ ಹಾಕ್ಕೋ ಮಗಾ' ಎನ್ನುವ ತಾಯಿ, ಹಾಕಿಸಿ ಕಳಿಸುವ ಸ್ವೆಟರ್ ಕಪ್ಪೋ ಬಿಳಿಯೋ ಎಂದು ಸಾಮಾನ್ಯವಾಗಿ ನೋಡುವುದಿಲ್ಲ. ಶೀತ ಒಂದು ವಾರಕ್ಕೆ ಹೋಗುತ್ತದೆ. ಆ ಎಂಟು ಸೆಕೆಂಡಿನ ಮಾತು ಹಾಗಲ್ಲ.

ನಾರ್ವೆಯ ಓಟಗಾರರ ಪೈಕಿ ಜಗತ್ತು ಬಲ್ಲ ಹೆಸರು ಗ್ರೇಟೆ ವೈಟ್ಸ್. ಆಕೆ ಟ್ರೊಮ್ಸೊದವರಲ್ಲ, ರಾಜಧಾನಿ ಓಸ್ಲೊದವರು. ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಒಂಬತ್ತರ ಮೇಲೆ, ಮುಳುಗುವುದು ಮೂರೂಕಾಲರ ಒಳಗೆ. ಶಾಲೆಯೊಂದರ ಶಿಕ್ಷಕಿಯಾಗಿದ್ದ ಅವರು ಪಾಠಕ್ಕೆ ಹೋಗುವ ಮುನ್ನವೇ ಕತ್ತಲಲ್ಲಿ ಓಡಿ ಮುಗಿಸುತ್ತಿದ್ದರು. 1978ರಲ್ಲಿ ನ್ಯೂಯಾರ್ಕ್‌ನಲ್ಲಿ ತಮ್ಮ ಮೊಟ್ಟಮೊದಲ ಮ್ಯಾರಥಾನ್ ಓಡಿ 2 ಗಂಟೆ 32 ನಿಮಿಷ 30 ಸೆಕೆಂಡುಗಳಲ್ಲಿ ಗೆದ್ದಾಗ ಅದು ಮಹಿಳೆಯರಲ್ಲಿ ವಿಶ್ವದಲ್ಲೇ ಶ್ರೇಷ್ಠ ಸಮಯವಾಯಿತು. ಮುಂದೆ 1988ರವರೆಗೆ ಅದೇ ಓಟವನ್ನು ಒಟ್ಟು ಒಂಬತ್ತು ಬಾರಿ ಗೆದ್ದರು; 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 2011ರಲ್ಲಿ ತೀರಿಕೊಂಡರು. ಅವರ ದೇಶದವರೇ ಆದ ಇಂಗ್ರಿಡ್ ಕ್ರಿಸ್ಟಿಯನ್‌ಸೆನ್ ಅವರದು ಬೇರೆ ದಾರಿ. ಹೊರಗೆ ಹಿಮ ಹೆಚ್ಚಿದ್ದಾಗ ಅವರು ಮನೆಯೊಳಗಿನ ಓಟದ ಯಂತ್ರದ ಮೇಲೆ ತಾಲೀಮು ಮಾಡಿದರು. 1985ರಲ್ಲಿ ಲಂಡನ್‌ನಲ್ಲಿ ಅವರು ಓಡಿದ 2 ಗಂಟೆ 21 ನಿಮಿಷ 6 ಸೆಕೆಂಡುಗಳ ದಾಖಲೆಯನ್ನು ಹದಿಮೂರು ವರ್ಷ ಯಾರೂ ಮುರಿಯಲಿಲ್ಲ. ಚಳಿಗೆ ಮೈಯೊಡ್ಡಿದರೇ ಓಟಗಾರ ಎಂದು ಹಠ ಹಿಡಿಯುವವರು ಈ ಇಬ್ಬರನ್ನೂ ಒಟ್ಟಿಗೇ ನೆನೆಯುವುದು ಒಳ್ಳೆಯದು.

ಕತ್ತಲು ಮನಸ್ಸನ್ನು ಕುಗ್ಗಿಸುವುದಿಲ್ಲವೆ? ಕೆಲವರನ್ನು ಕುಗ್ಗಿಸುತ್ತದೆ. ನಿದ್ದೆ ಕೆಡುವುದು ಅಲ್ಲಿನ ಸಾಮಾನ್ಯ ದೂರು. ಹಗಲು ರಾತ್ರಿಯ ಗುರುತೇ ಸಿಗದೆ ದೇಹದ ಗಡಿಯಾರ ತಪ್ಪುತ್ತದೆ. ಬಿಸಿಲಿಲ್ಲದ್ದರಿಂದ ಡಿ ಜೀವಸತ್ವದ ಕೊರತೆ ಬಾರದಿರಲೆಂದು ಮೀನೆಣ್ಣೆ ಕುಡಿಯುವ ರೂಢಿ ಹಳೆಯದು. ಹೆಸರಿನಲ್ಲಿ 'ರ' ಇರುವ ತಿಂಗಳುಗಳಲ್ಲೆಲ್ಲ, ಎಂದರೆ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ, ದಿನಕ್ಕೊಂದು ಚಮಚ. ಮಕ್ಕಳು ಮುಖ ಸಿಂಡರಿಸುವುದರಲ್ಲಿ ದೇಶಭೇದವಿಲ್ಲ.

2014ರಲ್ಲಿ ಕ್ಯಾರಿ ಲೈಬೊವಿಟ್ಜ್ ಎಂಬ ಅಮೆರಿಕದ ಸಂಶೋಧಕಿ ಟ್ರೊಮ್ಸೊಗೆ ಬಂದು ಒಂದು ವರ್ಷ ಇದ್ದರು. ಇಷ್ಟು ಕತ್ತಲಿದ್ದೂ ಇಲ್ಲಿನವರಲ್ಲಿ ಖಿನ್ನತೆ ನಿರೀಕ್ಷಿಸಿದಷ್ಟು ಏಕಿಲ್ಲ ಎಂಬುದು ಅವರ ಪ್ರಶ್ನೆ. ಊರಿನವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತಂತೆ. ಚಳಿಗಾಲವನ್ನು ಸಹಿಸಬೇಕಾದ ಶಿಕ್ಷೆಯೆಂದು ನೋಡದೆ, ಅದಕ್ಕೂ ತನ್ನದೇ ಸೊಗಸು, ಕೆಲಸ, ಆಟ ಉಂಟೆಂದು ನೋಡುವವರು ಹೆಚ್ಚು ನೆಮ್ಮದಿಯಿಂದಿರುವುದು ಅವರ ಅಧ್ಯಯನದಲ್ಲಿ ಕಂಡುಬಂತು. ಓಸ್ಲೊದವರಿಗಿಂತ ಟ್ರೊಮ್ಸೊದವರಲ್ಲಿ, ಅವರಿಗಿಂತಲೂ ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪದವರಲ್ಲಿ ಈ ನೋಟ ಹೆಚ್ಚು. ಇದನ್ನೆಲ್ಲ ಮನೋಬಲವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದೀಪದ ಕಂಬ, ಎರಚಿದ ಜಲ್ಲಿ, ಬೂಟಿನ ಮೊಳೆ, ತೋಳಿನ ಪಟ್ಟಿ ಇವೆಲ್ಲ ಇಲ್ಲದಿದ್ದರೆ ಆ ಮನೋಬಲ ಎಷ್ಟು ದಿನ ಬಾಗಿಲು ದಾಟೀತು?

ಜನವರಿಯ ಆರಂಭದಲ್ಲಿ, ಸೂರ್ಯ ಇನ್ನೂ ಬಾರದಿರುವಾಗಲೇ, ಊರಿನಲ್ಲಿ ಕತ್ತಲ ಕಾಲದ ಓಟದ ಸ್ಪರ್ಧೆ ನಡೆಯುತ್ತದೆ. ಅರ್ಧ ಮ್ಯಾರಥಾನ್, ಅಂದರೆ 21 ಕಿಲೋಮೀಟರ್. ಅಷ್ಟು ಬೇಡವೆಂದರೆ ಚಿಕ್ಕ ಓಟಗಳೂ ಇವೆ. ಹೊರದೇಶಗಳಿಂದಲೂ ಜನ ಬರುತ್ತಾರೆ. ಬೆವರಿದ ಕೂದಲು ಟೋಪಿಯಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅದೃಷ್ಟವಿದ್ದವರ ತಲೆಯ ಮೇಲೆ ಹಸಿರು ಧ್ರುವಪ್ರಭೆ ಹರಡಿಕೊಳ್ಳುವುದೂ ಉಂಟು. ಆಗ ಮೇಲೆ ನೋಡುತ್ತ ಓಡಿದರೆ ಜಾರಿಬೀಳುವುದು ಖಂಡಿತ. ಇದೇ ಊರಿನಲ್ಲಿ ಜೂನ್ ತಿಂಗಳಲ್ಲಿ ಮತ್ತೊಂದು ಮ್ಯಾರಥಾನ್ ಇದೆ. ಆಗ ಸೂರ್ಯ ಮುಳುಗುವುದೇ ಇಲ್ಲ, ನಡುರಾತ್ರಿ ಗುರಿ ಮುಟ್ಟುವವರ ನೆರಳೂ ಜೊತೆಯಲ್ಲೇ ಓಡುತ್ತದೆ.

ಪಂಚಾಂಗದ ಪ್ರಕಾರ ಸೂರ್ಯ ಜನವರಿ 15ರ ಸುಮಾರಿಗೇ ಮರಳಿದರೂ ದಕ್ಷಿಣದ ಬೆಟ್ಟಗಳು ಅಡ್ಡವಾಗಿ ಊರಿಗೆ ಕಾಣಿಸುವುದು 21ಕ್ಕೆ. ಅಂದು ಸೂರ್ಯನ ದಿನ. ಎಳ್ಳು ಬೆಲ್ಲ ಇಲ್ಲ. ಎಣ್ಣೆಯಲ್ಲಿ ಕರಿದ, ಒಳಗೆ ಜಾಮ್ ತುಂಬಿದ ದುಂಡನೆಯ ಬನ್ನುಗಳನ್ನು ಬೇಕರಿಗಳ ಮುಂದೆ ಸಾಲುಗಟ್ಟಿ ಕೊಳ್ಳುತ್ತಾರೆ. ಮೋಡವಿದ್ದು ಸೂರ್ಯ ಕಾಣದಿದ್ದರೂ ಬನ್ನು ತಿನ್ನುವುದಕ್ಕೆ ಅಡ್ಡಿಯಿಲ್ಲ. ಅಲ್ಲಿಂದ ಹಗಲು ದಿನಕ್ಕೆ ಹತ್ತು ನಿಮಿಷಕ್ಕೂ ಹೆಚ್ಚು ಬೆಳೆಯುತ್ತ ಹೋಗುತ್ತದೆ.

ಹಿಮ ಮಾತ್ರ ಅಷ್ಟು ಬೇಗ ಹೋಗುವ ಪೈಕಿಯಲ್ಲ. 1997ರಲ್ಲಿ ಟ್ರೊಮ್ಸೊದ ಹವಾಮಾನ ಕೇಂದ್ರದ ಬಳಿ ಅಳೆದ ಹಿಮ 240 ಸೆಂಟಿಮೀಟರ್, ಅಂದರೆ ಎಂಟು ಅಡಿಗೆ ಹತ್ತಿರ. ಅದು ದಾಖಲೆ. ಅಳೆದ ದಿನ ಏಪ್ರಿಲ್ 29. ನಮ್ಮಲ್ಲಿ ಮಕ್ಕಳು ಬೇಸಿಗೆ ರಜೆಯಲ್ಲಿ ಮಾವಿನ ಮರದ ಕೆಳಗಿರುವ ಆ ಹೊತ್ತಿಗೆ ಅಲ್ಲಿಯವರು ಹಣೆಯ ದೀಪ ತೆಗೆದಿಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಅದೇ ಮೊಳೆ ಬೂಟಿನಲ್ಲಿ ಹಿಮದ ಗೋಡೆಗಳ ನಡುವೆ ಓಡುತ್ತಿದ್ದರು.