ಎರಡನೆಯ ಮೈಲಿ

ವರ್ಗವಾಗಿ ದೇಹೂ ರೋಡಿಗೆ ಬಂದ ದಿನ ನಮಗೆ ಮೊದಲು ಪರಿಚಯವಾದವರು ಮೇಲಿನ ಮಹಡಿಯ ಕಾಕಾ. ಸಾಮಾನಿನ ಲಾರಿ ಬಾಗಿಲಿಗೆ ಅಡ್ಡ ನಿಂತಿದೆಯೆಂಬ ಬೈಗುಳದಿಂದಲೇ ಆ ಪರಿಚಯ ಆರಂಭವಾಯಿತು. ಮುಂದೆ ಮೆಟ್ಟಿಲ ಮೇಲಿನ ನಮ್ಮ ಚಪ್ಪಲಿಗಳು, ಭಾನುವಾರ ಸಂಜೆಯ ಪ್ರಾರ್ಥನಾ ಕೂಟದ ಹಾಡುಗಳು, ಎಲ್ಲವೂ ಅವರ ಆಕ್ಷೇಪಣೆಯ ಪಟ್ಟಿಗೆ ಸೇರಿದವು. ಅವರು ವಿಜಯಪುರದ ಕಡೆಯವರು, ನಿವೃತ್ತರು. ಪರನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಮನಸ್ಸು ಅರಳುತ್ತದೆ ಎನ್ನುತ್ತಾರೆ. ನಮ್ಮ ಕಿವಿಗೆ ಬಿದ್ದ ಕನ್ನಡ ಆ ಬಗೆಯದಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯಾಜ್ಯ ನೀರಿನದು. ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಕಾಕಾ ಗಚ್ಚಿಗೆ ಹೋಗಿ, ಕೆಳಮಹಡಿಗಳಿಗೆ ನೀರಿಳಿಯುವ ವಾಲ್ವನ್ನು ಬಂದ್ ಮಾಡಿಬಿಡುತ್ತಿದ್ದರು. ಕಚೇರಿಗೆ ಹೊರಡುವ ಹೊತ್ತಿಗೆ ನಮ್ಮ ನಲ್ಲಿ ಒಣಗಿರುತ್ತಿತ್ತು.

ಪರ್ವತ ಪ್ರಸಂಗವನ್ನು ಬಾಲ್ಯದಿಂದ ಕೇಳುತ್ತ ಬೆಳೆದವರು ನಾವು. ಆದ್ದರಿಂದ ಕ್ರಿಸ್ಮಸ್ಸಿಗೆ ಕರ್ಜಿಕಾಯಿ, ಚಕ್ಕುಲಿಗಳ ತಟ್ಟೆಯನ್ನು ಅವರ ಮನೆಗೂ ಕಳುಹಿಸಿದೆವು. ತಟ್ಟೆ ಮುಚ್ಚಿದ್ದ ಬಟ್ಟೆಯನ್ನೂ ತೆಗೆಯದೆ ಅವರು ಹಿಂದಿರುಗಿಸಿದರು. ನಿಜ ಹೇಳಬೇಕೆಂದರೆ, ನಮಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ತೃಪ್ತಿಯೇ ಆಯಿತು. ಮುಂದಿನ ಕೂಟದಲ್ಲಿ ಅದನ್ನೇ ಸಾಕ್ಷಿಯಾಗಿ ಹೇಳಿಕೊಂಡೆವು. ಎಲ್ಲರೂ ತಲೆದೂಗಿದರು. ಧಾರವಾಡದ ಹಿರಿಯ ತಾಯಿಯೊಬ್ಬರು ಮಾತ್ರ ಕೇಳಿದರು: "ಕರ್ಜಿಕಾಯಿ ಕೊಟ್ರಿ, ಛಲೋ ಆತು. ಆದ್ರ ಅವ್ರು ನೀರು ಯಾಕ ಬಂದ್ ಮಾಡ್ತಾರಂತ ಒಮ್ಮೆರೆ ಕೇಳೀರೇನು?"

ಕೇಳಿರಲಿಲ್ಲ.

ಇಂಗ್ಲಿಷ್ ಎಂ.ಎ. ಓದುವಾಗ ಗಮನಿಸಿದ್ದ ಒಂದು ಸಂಗತಿ ಆ ರಾತ್ರಿ ನೆನಪಾಯಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ 'ಚಾರಿಟಿ' ಎಂಬ ಪದವಿದೆ. ಕನ್ನಡದಲ್ಲಿ ನಾವು ಅಲ್ಲಿ 'ಪ್ರೀತಿ' ಎಂದು ಓದುತ್ತೇವೆ. ಕಾಲಾಂತರದಲ್ಲಿ ಆ ಇಂಗ್ಲಿಷ್ ಪದ ದಾನವೆಂಬ ಅರ್ಥಕ್ಕೆ ಇಳಿಯಿತು. ನಾವು ಕಾಕಾರಿಗೆ ಕಳುಹಿಸಿದ್ದು ದಾನವೇ. ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ.

ಮರುದಿನ ಬರಿಗೈಯಲ್ಲಿ ಮೇಲಕ್ಕೆ ಹೋದೆವು. ಒಳಕೋಣೆಯಲ್ಲಿ ಕಾಕೂ ಹಾಸಿಗೆ ಹಿಡಿದು ಮಲಗಿದ್ದರು. ದಿನಕ್ಕೆ ಎರಡು ಸಲ ಹೊದಿಕೆ ಒಗೆಯಬೇಕು. ಬೆಳಿಗ್ಗೆಯೇ ಕೆಳಗಿನವರು ಟಾಕಿ ಬರಿದು ಮಾಡಿದರೆ ಮಧ್ಯಾಹ್ನಕ್ಕೆ ಹನಿ ನೀರೂ ಉಳಿಯದು. ಕಾಕಾ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವುದಕ್ಕಿಂತ ಜಗಳವಾಡುವುದು ಅವರಿಗೆ ಸುಲಭವಾಗಿತ್ತು.

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಇಂದ್ರಾಯಣಿಯ ದಂಡೆಯ ದೇಹೂ ಇದೆ, ಸಂತ ತುಕಾರಾಮರ ಊರು. ಮುಳ್ಳುಕೊಂಬೆಯಿಂದ ತಮ್ಮನ್ನು ಥಳಿಸಿದ ಮಂಬಾಜಿ ಆ ರಾತ್ರಿ ಕೀರ್ತನೆಗೆ ಬಾರದಿದ್ದಾಗ, ತುಕಾರಾಮರು ತಾವೇ ಅವನ ಮನೆಗೆ ಹೋಗಿ, ಕೈಕಾಲು ಒತ್ತಿ ಕರೆತಂದರೆಂಬ ಕಥೆ ಈ ಸೀಮೆಯಲ್ಲಿ ಮನೆಮಾತು. 1895ರಲ್ಲಿ ದೀಕ್ಷಾಸ್ನಾನ ಪಡೆದ ಮರಾಠಿ ಕವಿ ನಾರಾಯಣ ವಾಮನ ತಿಲಕರು, ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮರೆಂಬ ಸೇತುವೆಯನ್ನು ದಾಟಿ ಎಂಬ ಅರ್ಥದ ಮಾತನ್ನಾಡಿದ್ದರು. ಆ ತಿಲಕರೂ ಸುಲಭದ ಮನುಷ್ಯರೇನಲ್ಲ. ಪತ್ನಿ ಲಕ್ಷ್ಮೀಬಾಯಿಯವರ 'ಸ್ಮೃತಿಚಿತ್ರೇ' ಓದಿದವರಿಗೆ ಅವರ ಮುಂಗೋಪವೂ ಗೊತ್ತು, ಔದಾರ್ಯವೂ ಗೊತ್ತು. ಕಷ್ಟದ ಜನರೆಂಬ ಬೇರೆ ಜಾತಿ ಇಲ್ಲ. ನಾವೂ ಯಾರಿಗೋ ಕಷ್ಟದವರೇ.

ಆದರೆ ದಯೆಗೂ ಒಂದು ಎಲ್ಲೆಯಿದೆ. ಒಂದು ದಿನ ಕಾಕಾ ಕಸ ಗುಡಿಸುವ ಹೆಂಗಸಿಗೆ ಕೇಳಲಾಗದ ಮಾತನಾಡಿದರು. ಅವರ ಮನೆಯ ಕಷ್ಟ ಬಲ್ಲ ನಾವು ಸುಮ್ಮನಿದ್ದೆವು. ಆಕೆ ಕಣ್ಣೊರೆಸಿಕೊಂಡು ಹೋದಳು. ನಮಗೆ ಬಿದ್ದ ಪೆಟ್ಟನ್ನು ನಾವು ಕ್ಷಮಿಸಬಹುದು. ಇನ್ನೊಬ್ಬರಿಗೆ ಬಿದ್ದ ಪೆಟ್ಟನ್ನು ಕ್ಷಮಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಸಂಜೆ ಮೇಲಕ್ಕೆ ಹೋಗಿ, "ಕಾಕಾ, ನಮಗೆ ಬಯ್ಯಿರಿ, ಆಕೆಗೆ ಬಯ್ಯಬೇಡಿ" ಎಂದೆವು. ಹದಿನೈದು ದಿನ ಅವರು ನಮ್ಮೊಡನೆ ಮಾತು ಬಿಟ್ಟರು. ಆಕೆಗೆ ಮಾತ್ರ ಮತ್ತೆ ಹಾಗೆ ಅನ್ನಲಿಲ್ಲ.

ರೋಮನ್ ಸೈನಿಕರು ದಾರಿಹೋಕರಿಂದ ಬಲವಂತವಾಗಿ ಹೊರೆ ಹೊರಿಸುತ್ತಿದ್ದ ಕಾಲದಲ್ಲಿ, ಒಂದು ಮೈಲಿ ಹೊರಿಸಿದವನೊಡನೆ ಎರಡು ಮೈಲಿ ನಡೆಯಬೇಕೆಂಬುದು ಕರ್ತನ ಬೋಧನೆ. ಮೊದಲನೆಯ ಮೈಲಿ ಬಲವಂತದ್ದು. ಎರಡನೆಯದು ನಮ್ಮ ಇಚ್ಛೆಯದು. ಆ ಎರಡನೆಯ ಮೈಲಿಯಲ್ಲಿ ಮಾತ್ರ ಹೊರೆಯವನೊಡನೆ ಮಾತಿಗೆ ಅವಕಾಶವೆಂದು ನಮಗೀಗ ತೋರುತ್ತದೆ. ಬೆಳಗಿನ ನೀರನ್ನು ಎಲ್ಲರೂ ಬಕೆಟ್ ಲೆಕ್ಕದಲ್ಲಿ ಹಿಡಿಯುವಂತೆ ಒಪ್ಪಂದವಾಯಿತು. ವಾಲ್ವ್ ತೆರೆದೇ ಉಳಿಯಿತು.

ಕಳೆದ ಮಳೆಗಾಲದಲ್ಲಿ ಕಾಕೂ ತೀರಿಕೊಂಡರು. ಚಟ್ಟಕ್ಕೆ ನಾವೂ ಹೆಗಲು ಕೊಟ್ಟೆವು. ಕಾಕಾ ಅದಾದ ಮೇಲೆ ಮೃದುವಾದರೆಂದು ಬರೆದರೆ ಸುಳ್ಳಾದೀತು. ಹೋದ ತಿಂಗಳು ಸೊಸೈಟಿಗೆ ಕೊಡಬೇಕಾದ ಇಂಗ್ಲಿಷ್ ದೂರಿನ ಪತ್ರವೊಂದನ್ನು ಹಿಡಿದು ಬಂದು, "ನೀವು ಎಂ.ಎ. ಆದವ್ರು, ತಪ್ಪಿದ್ರ ತಿದ್ರಿ" ಎಂದರು. ಮೂರನೆಯ ದೂರು ನಮ್ಮ ಚಪ್ಪಲಿಗಳ ಕುರಿತಾಗಿತ್ತು. ಅದರ ವ್ಯಾಕರಣವನ್ನೂ ತಿದ್ದಿಕೊಟ್ಟು, ಚಪ್ಪಲಿಗಳನ್ನು ಒಳಗಿಟ್ಟುಕೊಂಡೆವು.